ಹೆಸರು ನಮಗೆ, ನಂಬರ್ ಲಿನಕ್ಸ್‌ಗೆ: ಲ್ಯಾಮ್ ಇನ್‌ಸ್ಟಾಲ್ ಮಾಡೋಣ ಬನ್ನಿ

ಒಂದು ಲ್ಯಾಬ್‌ನಲ್ಲಿ 40 ಲಿನಕ್ಸ್ ಸಿಸ್ಟಮ್ ಇದೆ, ಅದನ್ನ ಬಳಸೋರು 120 ಜನ ಅಂದ್ಕೊಳ್ಳಿ. ಯಾರು ಯಾವ ಸಿಸ್ಟಮ್ ಮುಂದೆ ಕೂತ್ರೂ ತಮ್ಮ ಹೆಸರಲ್ಲೇ ಲಾಗಿನ್ ಆಗ್ಬೇಕು. ಪ್ರತಿ ಸಿಸ್ಟಮ್‌ನಲ್ಲೂ ಕೂತು ಯೂಸರ್ ಸೇರಿಸ್ತಾ ಹೋದ್ರೆ 4800 ಅಕೌಂಟ್ ಮಾಡ್ಬೇಕು. ಅಷ್ಟೂ ಮಾಡಿ ಮುಗಿಸಿದ್ರಿ ಅಂತಾನೇ ಇಟ್ಕೊಳ್ಳಿ, ಒಬ್ಬರು ಪಾಸ್‌ವರ್ಡ್ ಬದಲಾಯಿಸಿದ್ರೆ ಅದು ಒಂದು ಸಿಸ್ಟಮ್‌ನಲ್ಲಿ ಮಾತ್ರ ಬದಲಾಗತ್ತೆ, ಉಳಿದ 39ರಲ್ಲಿ ಹಳೇದೇ ಇರತ್ತೆ.

ಇದಕ್ಕೆ ಎಲ್ಲರಿಗೂ ಗೊತ್ತಿರೋ ಶಾರ್ಟ್‌ಕಟ್ ಒಂದಿದೆ. "ಸ್ಟೂಡೆಂಟ್" ಅಂತ ಒಂದೇ ಅಕೌಂಟ್ ಮಾಡಿ ಪಾಸ್‌ವರ್ಡನ್ನ ಬೋರ್ಡ್ ಮೇಲೆ ಬರೆದುಬಿಡೋದು. ಆಗ ಯಾರ ಫೈಲೂ ಯಾರದ್ದೂ ಅಲ್ಲ. ಸಬ್ಮಿಷನ್ ಹಿಂದಿನ ದಿನ ಒಬ್ಬರ ಪ್ರಾಜೆಕ್ಟ್ ಫೋಲ್ಡರ್ ಮಾಯ ಆದ್ರೆ ಯಾರು ತೆಗೆದಿದ್ದು ಅಂತ ಕಂಡುಹಿಡಿಯೋಕೆ ಲಾಗ್ ನೋಡಿದ್ರೂ ಉಪಯೋಗ ಇಲ್ಲ, ಎಲ್ಲಾ ಕಡೆ "ಸ್ಟೂಡೆಂಟ್" ಅಂತಲೇ ಇರತ್ತೆ.

ಸರಿಯಾದ ಪರಿಹಾರ ಡೈರೆಕ್ಟರಿ. ಅಕೌಂಟ್‌ಗಳೆಲ್ಲ ಒಂದೇ ಸರ್ವರ್‌ನಲ್ಲಿ ಇರತ್ತೆ, 40 ಸಿಸ್ಟಮ್‌ಗಳೂ ಅದನ್ನೇ ಕೇಳತ್ತೆ. ಆ ಡೈರೆಕ್ಟರಿಯನ್ನ ಬ್ರೌಸರ್‌ನಲ್ಲೇ ನೋಡಿಕೊಳ್ಳೋಕೆ ಇರೋ ಒಂದು ಟೂಲ್ ಎಲ್‌ಡ್ಯಾಪ್ ಅಕೌಂಟ್ ಮ್ಯಾನೇಜರ್, ಚಿಕ್ಕದಾಗಿ ಲ್ಯಾಮ್. ಇನ್‌ಸ್ಟಾಲ್ ಮಾಡೋದು ಕಷ್ಟ ಅಲ್ಲ, ಆದ್ರೆ ಅದು ಒಳಗೆ ಏನು ಬರೀತಿದೆ ಅಂತ ಗೊತ್ತಿಲ್ಲದೆ ಬಟನ್ ಒತ್ತುತ್ತಾ ಹೋದ್ರೆ ಒಬ್ಬರ ಫೈಲು ಇನ್ನೊಬ್ಬರ ಕೈಗೆ ಹೋಗಬಹುದು. ಅದಕ್ಕೇ ಈ ಲೇಖನದಲ್ಲಿ ಇನ್‌ಸ್ಟಾಲ್ ಜೊತೆಗೆ ಅದರ ಹಿಂದಿನ ಕಾರಣಾನೂ ಹೇಳ್ತೀನಿ.

ಒಂದು ಸೂಚನೆ: ನಮ್ಮ ಪತ್ರಿಕೆ ಕನ್ನಡದ್ದು, ಹಾಗಾಗಿ ಕಮಾಂಡ್‌ಗಳನ್ನೂ ಓದೋ ಥರ ಕನ್ನಡದಲ್ಲೇ ಬರ್ದಿದೀನಿ. ಟರ್ಮಿನಲ್‌ನಲ್ಲಿ ಟೈಪ್ ಮಾಡೋವಾಗ ಅದರ ಇಂಗ್ಲಿಷ್ ಸ್ಪೆಲ್ಲಿಂಗ್ ಹಾಕಿ. ಮೊದಲ ಸಲ ಮಾಡೋರು ವರ್ಚುವಲ್ ಮಷೀನ್‌ನಲ್ಲೇ ಮಾಡಿ, ನಿಜವಾದ ಲ್ಯಾಬ್ ಸರ್ವರ್ ಮುಟ್ಟಬೇಡಿ.

ಮೊದಲು ಎಲ್‌ಡ್ಯಾಪ್ ಅಂದ್ರೇನು?

1988ರಲ್ಲಿ ಎಕ್ಸ್.500 ಅನ್ನೋ ದೊಡ್ಡ ಡೈರೆಕ್ಟರಿ ಸ್ಟ್ಯಾಂಡರ್ಡ್ ಬಂತು. ಅದು ಆಗಿನ ಚಿಕ್ಕ ಕಂಪ್ಯೂಟರ್‌ಗಳಿಗೆ ತುಂಬಾ ಭಾರ ಆಗ್ತಿತ್ತು. ಅದನ್ನ ಹಗುರ ಮಾಡೋಕೆ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಟಿಮ್ ಹೋವ್ಸ್ ಮತ್ತು ಅವರ ಜೊತೆಯವರು ಬರೆದ ಪ್ರೋಟೋಕಾಲ್ ಎಲ್‌ಡ್ಯಾಪ್. 1993ರ ಆರ್‌ಎಫ್‌ಸಿ 1487ರಲ್ಲಿ ಅದು ಹೊರಗೆ ಬಂತು. ಹೆಸರಲ್ಲಿರೋ ಮೊದಲ ಅಕ್ಷರ "ಲೈಟ್‌ವೇಟ್", ಅಂದ್ರೆ ಹಗುರ. ಈಗ ನಾವು ಬಳಸೋದು ಅದರ 3ನೇ ವರ್ಷನ್, ಅದು ಬಂದಿದ್ದು 1997ರಲ್ಲಿ. 1998ರಲ್ಲಿ ಶುರುವಾದ ಓಪನ್‌ಎಲ್‌ಡ್ಯಾಪ್ ಈ ಪ್ರೋಟೋಕಾಲ್ ಮಾತಾಡೋ ಫ್ರೀ ಸರ್ವರ್. ಅದರ ಪ್ರೋಗ್ರಾಮ್ ಹೆಸರು ಸ್ಲ್ಯಾಪ್‌ಡಿ.

ಡಿಬಿಎಂಎಸ್‌ನಲ್ಲಿ ನಾವು ಟೇಬಲ್, ರೋ, ಕಾಲಂ ಅಂತ ಓದ್ತೀವಿ. ಇಲ್ಲಿ ಟೇಬಲ್ ಇಲ್ಲ, ಮರ ಇದೆ. ಮರದ ಪ್ರತಿ ಎಲೆಗೂ ಒಂದು ಪೂರ್ತಿ ವಿಳಾಸ ಇರತ್ತೆ, ಅದಕ್ಕೆ ಡಿಎನ್ ಅಂತಾರೆ. ಈ ವಿಳಾಸ ನಾವು ಕಾಗದದ ಮೇಲೆ ವಿಳಾಸ ಬರೆಯೋ ಥರಾನೇ: ಮೊದಲು ಮನೆ ನಂಬರ್, ಆಮೇಲೆ ಬೀದಿ, ಆಮೇಲೆ ಊರು. ಉದಾಹರಣೆಗೆ:

ಯುಐಡಿ=ಶರಾವತಿ, ಓಯು=ಪೀಪಲ್, ಡಿಸಿ=ಲ್ಯಾಬ್, ಡಿಸಿ=ಟೆಸ್ಟ್

ಇಲ್ಲಿ "ಶರಾವತಿ" ಮನೆ, "ಪೀಪಲ್" ಬೀದಿ, ಕೊನೆಯ ಎರಡು "ಡಿಸಿ" ಸೇರಿ ಊರು. ಈ ಊರಿನ ಭಾಗಕ್ಕೆ ಸಫಿಕ್ಸ್ ಅಂತ ಹೆಸರು. ನಮ್ಮ ಡೊಮೈನ್ ಲ್ಯಾಬ್ ಡಾಟ್ ಟೆಸ್ಟ್ ಅಂತಿದ್ರೆ ಸಫಿಕ್ಸ್ ಹೀಗೆ ಎರಡು ತುಂಡಾಗತ್ತೆ. "ಟೆಸ್ಟ್" ಅನ್ನೋ ಡೊಮೈನನ್ನ ಪ್ರಯೋಗಕ್ಕೆ ಅಂತಲೇ ಮೀಸಲಿಟ್ಟಿದ್ದಾರೆ, ಹೊರಗಿನ ಯಾವ ಸೈಟ್ ಜೊತೆಗೂ ಅದು ಗುದ್ದಾಡಲ್ಲ.

ಇನ್ನೊಂದು ವಿಷಯ. ನಾವು "ಶರಾವತಿಯ ಫೈಲ್" ಅಂತೀವಿ, ಆದ್ರೆ ಲಿನಕ್ಸ್ ಡಿಸ್ಕ್ ಮೇಲೆ ಆ ಹೆಸರನ್ನ ಬರೆದುಕೊಳ್ಳೋದೇ ಇಲ್ಲ. ಫೈಲ್ ಜೊತೆ ಒಂದು ನಂಬರ್ ಮಾತ್ರ ಬರೆದುಕೊಳ್ಳತ್ತೆ: ಯುಐಡಿ ನಂಬರ್, ಉದಾಹರಣೆಗೆ 10007. ನೀವು "ಎಲ್‌ಎಸ್ ಹೈಫನ್ ಎಲ್" ಹೊಡೆದಾಗ ಆ ನಂಬರ್ ಯಾರದ್ದು ಅಂತ ಆ ಕ್ಷಣದಲ್ಲಿ ಕೇಳಿ ಹೆಸರು ತೋರಿಸತ್ತೆ. ಡೈರೆಕ್ಟರಿ ಇಟ್ಕೊಳ್ಳೋ ಮುಖ್ಯ ಮಾಹಿತಿ ಇದೇ: ಯಾವ ಹೆಸರಿಗೆ ಯಾವ ನಂಬರ್. ಇದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಲ್ಯಾಮ್ ಯಾಕೆ?

ಕಮಾಂಡ್ ಲೈನ್‌ನಲ್ಲೇ ಡೈರೆಕ್ಟರಿಗೆ ಯೂಸರ್ ಸೇರಿಸಬಹುದು. ಎಲ್‌ಡಿಫ್ ಅಂತ ಒಂದು ಟೆಕ್ಸ್ಟ್ ಫೈಲ್ ಬರೆದು "ಎಲ್‌ಡ್ಯಾಪ್ಆಡ್" ಕಮಾಂಡ್‌ಗೆ ಕೊಡ್ಬೇಕು. ಒಬ್ಬ ಯೂಸರ್‌ಗೆ ಹತ್ತು ಹನ್ನೆರಡು ಸಾಲು. ಒಂದು ಸ್ಪೇಸ್ ಹೆಚ್ಚು ಕಡಿಮೆ ಆದ್ರೆ ಎರರ್. ನಂಬರ್‌ಗಳನ್ನೂ ನೀವೇ ಲೆಕ್ಕ ಇಟ್ಕೊಬೇಕು.

ಲ್ಯಾಮ್ ಈ ಕೆಲಸಾನ ಫಾರ್ಮ್ ತುಂಬೋ ಥರ ಮಾಡತ್ತೆ. ರೋಲಾಂಡ್ ಗ್ರೂಬರ್ ಅನ್ನೋ ಡೆವಲಪರ್ 2003ರಿಂದ ನಡೆಸ್ಕೊಂಡು ಬಂದಿರೋ ಪಿಎಚ್‌ಪಿ ಪ್ರಾಜೆಕ್ಟ್ ಇದು. ಫ್ರೀ ವರ್ಷನ್ ಜಿಪಿಎಲ್ ಲೈಸೆನ್ಸ್‌ನಲ್ಲಿದೆ, ದುಡ್ಡು ಕೊಡೋ ಪ್ರೊ ವರ್ಷನ್ನೂ ಇದೆ. ಯೂಸರ್‌ಗಳು ತಾವೇ ಬಂದು ತಮ್ಮ ಪಾಸ್‌ವರ್ಡ್ ಬದಲಾಯಿಸೋ ಸೆಲ್ಫ್ ಸರ್ವಿಸ್ ಪುಟ ಬೇಕಂದ್ರೆ ಪ್ರೊ ಬೇಕು. ಲ್ಯಾಬ್‌ಗೆ ಫ್ರೀ ವರ್ಷನ್ ಸಾಕು.

ಬೇರೆ ಟೂಲ್‌ಗಳೂ ಇವೆ. ಪಿಎಚ್‌ಪಿಎಲ್‌ಡ್ಯಾಪ್‌ಅಡ್ಮಿನ್‌ನಲ್ಲಿ ಮರದ ಯಾವ ಕೊಂಬೇನಾದ್ರೂ ನೋಡಬಹುದು, ತಿದ್ದಬಹುದು, ಆದ್ರೆ ಅದರ ಗಮನ ಮರದ ಮೇಲೆ, ಅಕೌಂಟ್ ಮೇಲೆ ಅಲ್ಲ. ಫ್ರೀಐಪಿಎ ತನ್ನದೇ ಡೈರೆಕ್ಟರಿ ಸರ್ವರ್, ಕರ್ಬರೋಸ್ ಎಲ್ಲಾ ಜೊತೆಗೇ ತರೋ ದೊಡ್ಡ ಸೆಟಪ್. ಲ್ಯಾಮ್ ಇವೆರಡರ ಮಧ್ಯದಲ್ಲಿದೆ: ಇರೋ ಸ್ಲ್ಯಾಪ್‌ಡಿ ಜೊತೆ ಕೂರತ್ತೆ, ಅಕೌಂಟ್ ಅನ್ನೋ ಕಣ್ಣಿಂದ ನೋಡತ್ತೆ.

ಲ್ಯಾಮ್ ಯೂಸರ್‌ಗಳನ್ನ ತನ್ನ ಹತ್ರ ಇಟ್ಕೊಳ್ಳಲ್ಲ. ಅದು ಡೈರೆಕ್ಟರಿಯ ಮುಂದೆ ಕೂತ ಗುಮಾಸ್ತ ಇದ್ದ ಹಾಗೆ. ನೀವು ಲ್ಯಾಮನ್ನ ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿದ್ರೂ ಯೂಸರ್‌ಗಳು ಸ್ಲ್ಯಾಪ್‌ಡಿಯಲ್ಲಿ ಹಾಗೇ ಇರ್ತಾರೆ. ಹಾಗೇನೇ, ಲ್ಯಾಮ್‌ನಲ್ಲಿ ಡಿಲೀಟ್ ಒತ್ತಿದ್ರೆ ನಿಜವಾದ ಡೈರೆಕ್ಟರಿಯಿಂದಲೇ ಹೋಗತ್ತೆ. ರೀಸೈಕಲ್ ಬಿನ್ ಅಂತ ಏನೂ ಇಲ್ಲ.

ಹೆಜ್ಜೆ 1: ಡೈರೆಕ್ಟರಿ ಸರ್ವರ್

ಡೆಬಿಯನ್ ಅಥವಾ ಉಬುಂಟು ಸರ್ವರ್ ಇದೆ ಅಂತ ಇಟ್ಕೊಳ್ಳಿ. ಟರ್ಮಿನಲ್‌ನಲ್ಲಿ:

ಸುಡೊ ಆಪ್ಟ್ ಇನ್‌ಸ್ಟಾಲ್ ಸ್ಲ್ಯಾಪ್‌ಡಿ ಎಲ್‌ಡ್ಯಾಪ್-ಯುಟಿಲ್ಸ್

ಇದು ಅಡ್ಮಿನ್ ಪಾಸ್‌ವರ್ಡ್ ಮಾತ್ರ ಕೇಳತ್ತೆ, ಡೊಮೈನ್ ಕೇಳಲ್ಲ. ಸರ್ವರ್‌ಗೆ ಸರಿಯಾದ ಡೊಮೈನ್ ಹೆಸರು ಸೆಟ್ ಆಗಿಲ್ಲ ಅಂದ್ರೆ "ನೋಡೊಮೈನ್" ಅಂತ ಸಫಿಕ್ಸ್ ತಾನೇ ಇಟ್ಕೊಂಡುಬಿಡತ್ತೆ. ಹಾಗಾಗಿ ತಕ್ಷಣ ಇನ್ನೊಂದು ಕಮಾಂಡ್ ಕೊಡಿ:

ಸುಡೊ ಡಿಪಿಕೆಜಿ-ರೀಕಾನ್ಫಿಗರ್ ಸ್ಲ್ಯಾಪ್‌ಡಿ

ಮೊದಲ ಪ್ರಶ್ನೆಗೇ ಜಾಗ್ರತೆ. "ಕಾನ್ಫಿಗರೇಷನ್ ಬಿಟ್ಟುಬಿಡಲಾ?" ಅಂತ ಕೇಳತ್ತೆ, ಅದಕ್ಕೆ "ನೋ" ಅನ್ನಿ. ಆಮೇಲೆ ಡೊಮೈನ್ ಹೆಸರು, ಸಂಸ್ಥೆಯ ಹೆಸರು, ಅಡ್ಮಿನ್ ಪಾಸ್‌ವರ್ಡ್ ಕೇಳತ್ತೆ. ಮುಗಿದ ಮೇಲೆ "ಸುಡೊ ಸ್ಲ್ಯಾಪ್‌ಕ್ಯಾಟ್" ಹೊಡೆದ್ರೆ ನಿಮ್ಮ ಮರದ ಬುಡ ಕಾಣತ್ತೆ. ಅದರಲ್ಲಿರೋ ಮೊದಲ ಡಿಎನ್ ನಿಮ್ಮ ಸಫಿಕ್ಸ್. ಅದನ್ನ ಒಂದು ಕಾಗದದ ಮೇಲೆ ಅಕ್ಷರಕ್ಕೆ ಅಕ್ಷರ ಬರ್ಕೊಳ್ಳಿ. ಡೆಬಿಯನ್ ಕುಟುಂಬದಲ್ಲಿ ಅಡ್ಮಿನ್‌ನ ಡಿಎನ್ "ಸಿಎನ್=ಅಡ್ಮಿನ್" ಅಂತ ಶುರುವಾಗಿ ಆಮೇಲೆ ಸಫಿಕ್ಸ್ ಬರತ್ತೆ. ಅದನ್ನೂ ಬರ್ಕೊಳ್ಳಿ. ಮುಂದಿನ ಹೆಜ್ಜೆಯಲ್ಲಿ ಬೇಕಾಗೋದು ಇವೆರಡೇ ಸಾಲು.

ಹೆಜ್ಜೆ 2: ಲ್ಯಾಮ್

ಸುಡೊ ಆಪ್ಟ್ ಇನ್‌ಸ್ಟಾಲ್ ಎಲ್‌ಡ್ಯಾಪ್-ಅಕೌಂಟ್-ಮ್ಯಾನೇಜರ್

ಇದರ ಜೊತೆಗೆ ಅಪಾಚೆ, ಪಿಎಚ್‌ಪಿ ಕೂಡ ಬರತ್ತೆ. ನಿಮ್ಮ ವರ್ಷನ್‌ನ ರೆಪೊಸಿಟರಿಯಲ್ಲಿ ಸಿಗಲಿಲ್ಲ ಅಂದ್ರೆ ಅಥವಾ ತುಂಬಾ ಹಳೇದಿದ್ರೆ ಪ್ರಾಜೆಕ್ಟ್‌ನವರೇ ಡೆಬ್ ಪ್ಯಾಕೇಜ್ ಕೊಡ್ತಾರೆ, ಡಾಕರ್ ಇಮೇಜ್ ಕೂಡ ಇದೆ. ವರ್ಷನ್ ನೋಡಿ ಅಂತ ಹೇಳೋಕೆ ಕಾರಣ ಇದೆ. 8.0ಕ್ಕಿಂತ ಹಳೆಯ ಲ್ಯಾಮ್‌ನಲ್ಲಿ ಇದ್ದ ಹಲವು ಸೆಕ್ಯುರಿಟಿ ದೋಷಗಳು 2022ರಲ್ಲಿ ಬಹಿರಂಗ ಆದ್ವು, 8.0ರಲ್ಲಿ ಅವನ್ನ ಸರಿ ಮಾಡಿದ್ರು. ಹಳೇ ಬ್ಲಾಗ್ ನೋಡ್ಕೊಂಡು ಹಳೇ ಫೈಲ್ ಡೌನ್‌ಲೋಡ್ ಮಾಡೋ ಅಭ್ಯಾಸ ಇಲ್ಲಿ ಬೇಡ.

ಈಗ ಬ್ರೌಸರ್‌ನಲ್ಲಿ ಸರ್ವರ್ ಅಡ್ರೆಸ್ ಹಾಕಿ, ಕೊನೆಗೆ ಸ್ಲ್ಯಾಶ್ ಲ್ಯಾಮ್ ಅಂತ ಸೇರಿಸಿ. ಲಾಗಿನ್ ಪುಟ ಬರತ್ತೆ. ಈಗಲೇ ಲಾಗಿನ್ ಆಗೋಕೆ ಹೋಗ್ಬೇಡಿ, ಆಗಲ್ಲ. ಲ್ಯಾಮ್ ಜೊತೆ ಬರೋ ಮಾದರಿ ಪ್ರೊಫೈಲ್‌ನಲ್ಲಿ ಅಡ್ಮಿನ್ ಹೆಸರು "ಮ್ಯಾನೇಜರ್" ಅಂತಿರತ್ತೆ, ಸಫಿಕ್ಸ್ ಯಾವುದೋ ಮಾದರಿ ಡೊಮೈನ್‌ದ್ದು. ನಿಮ್ಮ ಸ್ಲ್ಯಾಪ್‌ಡಿಯಲ್ಲಿ ಅಂಥವರು ಯಾರೂ ಇಲ್ಲ.

ಹೆಜ್ಜೆ 3: ಕಾನ್ಫಿಗರೇಷನ್

ಲಾಗಿನ್ ಪುಟದ ಮೇಲ್ಗಡೆ "ಲ್ಯಾಮ್ ಕಾನ್ಫಿಗರೇಷನ್" ಅಂತ ಲಿಂಕ್ ಇದೆ. ಒಳಗೆ ಎರಡು ಮುಖ್ಯ ಬಾಗಿಲು: ಜನರಲ್ ಸೆಟ್ಟಿಂಗ್ಸ್ ಮತ್ತು ಸರ್ವರ್ ಪ್ರೊಫೈಲ್ಸ್. ಎರಡಕ್ಕೂ ಡಿಫಾಲ್ಟ್ ಪಾಸ್‌ವರ್ಡ್ "ಲ್ಯಾಮ್", ಇಂಗ್ಲಿಷ್‌ನ ಚಿಕ್ಕ ಮೂರಕ್ಷರ. ಇದು ಪ್ರಪಂಚಕ್ಕೆಲ್ಲ ಗೊತ್ತು, ಹಾಗಾಗಿ ಮೊದಲ ಕೆಲಸ ಎರಡನ್ನೂ ಬದಲಾಯಿಸೋದು. ಒಂದನ್ನ ಬದಲಾಯಿಸಿದ್ರೆ ಇನ್ನೊಂದು ತಾನಾಗೇ ಬದಲಾಗಲ್ಲ.

ಇಲ್ಲಿ ಮೂರು ಪಾಸ್‌ವರ್ಡ್ ಸೇರ್ಕೊಂಡು ಗೊಂದಲ ಆಗತ್ತೆ. ಬಿಡಿಸಿ ಹೇಳ್ತೀನಿ. ಮಾಸ್ಟರ್ ಪಾಸ್‌ವರ್ಡ್ ಲ್ಯಾಮ್‌ನ ಒಟ್ಟು ಸೆಟ್ಟಿಂಗ್‌ಗೆ. ಪ್ರೊಫೈಲ್ ಪಾಸ್‌ವರ್ಡ್ ಒಂದು ಡೈರೆಕ್ಟರಿಗೆ ಸೇರಿದ ಸೆಟ್ಟಿಂಗ್‌ಗೆ. ಮೂರನೇದು ಸ್ಲ್ಯಾಪ್‌ಡಿ ಅಡ್ಮಿನ್‌ನ ಪಾಸ್‌ವರ್ಡ್, ಅದು ದಿನಾ ಲಾಗಿನ್ ಆಗೋಕೆ. ಮೊದಲೆರಡು ಗುಮಾಸ್ತನ ಮೇಜಿನ ಡ್ರಾಯರ್‌ಗೆ, ಮೂರನೇದು ತಿಜೋರಿಗೆ.

ಸರ್ವರ್ ಪ್ರೊಫೈಲ್‌ನಲ್ಲಿ ಈ ಜಾಗಗಳನ್ನ ತುಂಬಿ:

ಸರ್ವರ್ ಅಡ್ರೆಸ್: ಸ್ಲ್ಯಾಪ್‌ಡಿ ಅದೇ ಸಿಸ್ಟಮ್‌ನಲ್ಲಿದ್ರೆ ಲೋಕಲ್‌ಹೋಸ್ಟ್, ಪೋರ್ಟ್ 389.

ಟ್ರೀ ಸಫಿಕ್ಸ್: ಕಾಗದದ ಮೊದಲ ಸಾಲು.

ವ್ಯಾಲಿಡ್ ಯೂಸರ್‌ಗಳ ಪಟ್ಟಿ: ಕಾಗದದ ಎರಡನೇ ಸಾಲು, ಅಂದ್ರೆ ಅಡ್ಮಿನ್ ಡಿಎನ್.

ಅಕೌಂಟ್ ಟೈಪ್ಸ್: ಯೂಸರ್ಸ್ ಮತ್ತು ಗ್ರೂಪ್ಸ್ ಎರಡು ಸಾಕು. ಯೂಸರ್ಸ್‌ಗೆ "ಓಯು=ಪೀಪಲ್", ಗ್ರೂಪ್ಸ್‌ಗೆ "ಓಯು=ಗ್ರೂಪ್", ಎರಡರ ಮುಂದೂ ನಿಮ್ಮ ಸಫಿಕ್ಸ್.

ಮಾಡ್ಯೂಲ್ಸ್: ಯೂಸರ್‌ಗೆ ಪರ್ಸನಲ್, ಯೂನಿಕ್ಸ್, ಶ್ಯಾಡೋ ಮೂರು. ಸಾಂಬಾ ಮಾಡ್ಯೂಲ್ ಸೇರಿದ್ರೆ ತೆಗೀರಿ. ಸ್ಲ್ಯಾಪ್‌ಡಿಗೆ ಸಾಂಬಾ ಸ್ಕೀಮಾ ಹಾಕಿಲ್ಲದಿದ್ರೆ ಸೇವ್ ಮಾಡೋವಾಗ ಎರರ್ ಬರತ್ತೆ.

ಮಾಡ್ಯೂಲ್ ಸೆಟ್ಟಿಂಗ್ಸ್: ಯುಐಡಿ ನಂಬರ್‌ನ ಕನಿಷ್ಠ 10000, ಗರಿಷ್ಠ 30000 ಇಡಿ. ಡೆಬಿಯನ್ ಮತ್ತು ಉಬುಂಟುವಿನಲ್ಲಿ ಲೋಕಲ್ ಯೂಸರ್‌ಗಳ ನಂಬರ್ 1000ದಿಂದ ಶುರುವಾಗತ್ತೆ. ಡೈರೆಕ್ಟರಿ ಯೂಸರ್‌ಗೂ 1000 ಕೊಟ್ರೆ ಲ್ಯಾಬ್ ಸಿಸ್ಟಮ್‌ನ ಮೊದಲ ಲೋಕಲ್ ಯೂಸರ್ ಮತ್ತು ಈ ಯೂಸರ್, ಲಿನಕ್ಸ್ ಕಣ್ಣಿಗೆ ಒಬ್ಬರೇ ಆಗ್ಬಿಡ್ತಾರೆ.

ಸೇವ್ ಮಾಡಿ, ಈಗ ಅಡ್ಮಿನ್ ಪಾಸ್‌ವರ್ಡ್ ಹಾಕಿ ಲಾಗಿನ್ ಆಗಿ. ಪೀಪಲ್, ಗ್ರೂಪ್ ಎರಡೂ ಮರದಲ್ಲಿ ಇನ್ನೂ ಇಲ್ಲ ಅಂತ ಲ್ಯಾಮ್ ತಾನೇ ಗಮನಿಸಿ "ಮಾಡಿಕೊಡಲಾ?" ಅಂತ ಕೇಳತ್ತೆ. ಕ್ರಿಯೇಟ್ ಒತ್ತಿ.

ಹೆಜ್ಜೆ 4: ಮೊದಲು ಗ್ರೂಪ್, ಆಮೇಲೆ ಯೂಸರ್

ಲಿನಕ್ಸ್‌ನಲ್ಲಿ ಪ್ರತಿ ಯೂಸರ್‌ಗೂ ಒಂದು ಪ್ರೈಮರಿ ಗ್ರೂಪ್ ಇರಲೇಬೇಕು. ಗ್ರೂಪ್ ಇಲ್ಲದೆ ಯೂಸರ್ ಪುಟಕ್ಕೆ ಹೋದ್ರೆ ಮೊದಲು ಗ್ರೂಪ್ ಮಾಡಿ ಅಂತ ಲ್ಯಾಮ್ ವಾಪಸ್ ಕಳಿಸತ್ತೆ. ಹಾಗಾಗಿ ಬ್ಯಾಚ್‌ಗೆ ಒಂದು ಗ್ರೂಪ್ ಮಾಡಿ, ಸೇರಿದ ವರ್ಷ ಹೆಸರಲ್ಲೇ ಇರಲಿ. ನಾಲ್ಕು ವರ್ಷ ಆದ್ಮೇಲೆ ಯಾರು ಹೊರಗೆ ಹೋಗ್ಬೇಕು ಅಂತ ಹುಡುಕೋಕೆ ಇದೇ ಸಹಾಯ ಮಾಡತ್ತೆ.

ಆಮೇಲೆ ಯೂಸರ್. ಪರ್ಸನಲ್ ಟ್ಯಾಬ್‌ನಲ್ಲಿ ಲಾಸ್ಟ್ ನೇಮ್ ಕಡ್ಡಾಯ. ಇನಿಶಿಯಲ್ ಮಾತ್ರ ಇರೋ ನಮ್ಮ ಕಡೆಯವರಿಗೆ ಇದು ಸ್ವಲ್ಪ ಕಿರಿಕಿರಿ, ಇನಿಶಿಯಲ್ಲೇ ಹಾಕಿ ನಡೆಯತ್ತೆ. ಯೂನಿಕ್ಸ್ ಟ್ಯಾಬ್‌ನಲ್ಲಿ ಯೂಸರ್‌ನೇಮ್, ಹೋಮ್ ಡೈರೆಕ್ಟರಿ, ಶೆಲ್. ಯುಐಡಿ ನಂಬರ್ ಜಾಗ ಖಾಲಿ ಬಿಡಿ, ಲ್ಯಾಮ್ ತಾನೇ ಕೊಡತ್ತೆ. ಆರ್‌ಡಿಎನ್ ಐಡೆಂಟಿಫೈಯರ್ ಅನ್ನೋ ಡ್ರಾಪ್‌ಡೌನ್‌ನಲ್ಲಿ ಯುಐಡಿ ಆರಿಸಿ. ವಿಳಾಸದ "ಮನೆ ನಂಬರ್" ಯಾವುದಾಗಬೇಕು ಅಂತ ನಿರ್ಧರಿಸೋದು ಅದೇ. ಒಂದೇ ಹೆಸರಿನ ಇಬ್ಬರು ಕ್ಲಾಸ್‌ನಲ್ಲಿ ಇರ್ತಾರೆ, ಆದ್ರೆ ಒಂದೇ ಯೂಸರ್‌ನೇಮ್ ಇಬ್ಬರಿಗೆ ಇರಲ್ಲ.

120 ಜನರನ್ನ ಒಬ್ಬೊಬ್ಬರಾಗಿ ಸೇರಿಸ್ಬೇಕಾಗಿಲ್ಲ. ಟೂಲ್ಸ್ ಮೆನುವಿನಲ್ಲಿ ಫೈಲ್ ಅಪ್‌ಲೋಡ್ ಇದೆ, ಸಿಎಸ್‌ವಿ ಫೈಲ್ ತಗೊಳ್ಳತ್ತೆ. ಯಾವ ಕಾಲಂಗಳು ಬೇಕು, ಯಾವುದು ಕಡ್ಡಾಯ ಅಂತ ಅಲ್ಲೇ ಪಟ್ಟಿ ಇದೆ, ಮಾದರಿ ಫೈಲ್ ಕೂಡ ಡೌನ್‌ಲೋಡ್ ಆಗತ್ತೆ. ಮೊದಲು ಮೂರೇ ಮೂರು ಸಾಲಿನ ಫೈಲ್ ಹಾಕಿ ನೋಡಿ. ಸರಿ ಬಂದ್ರೆ ಪೂರ್ತಿ ಹಾಕಿ.

ಎರರ್ ಬಂದ್ರೆ

ಎಲ್‌ಡ್ಯಾಪ್‌ನಲ್ಲಿ ಎರರ್‌ಗೆಲ್ಲ ನಂಬರ್ ಇದೆ. ಗಾಬರಿ ಬೇಡ, ನಂಬರ್ ನೋಡಿದ್ರೆ ಅರ್ಧ ಉತ್ತರ ಸಿಕ್ಕಿದ ಹಾಗೆ.

49: ಪಾಸ್‌ವರ್ಡ್ ತಪ್ಪು ಅಥವಾ ಅಡ್ಮಿನ್ ಡಿಎನ್ ತಪ್ಪು. ಎರಡಕ್ಕೂ ಒಂದೇ ನಂಬರ್, ಯಾಕಂದ್ರೆ ಯಾವ ಹೆಸರು ಇದೆ ಯಾವುದಿಲ್ಲ ಅಂತ ಹೊರಗಿನವರಿಗೆ ಗೊತ್ತಾಗಬಾರದು.

32: ನೀವು ಕೇಳಿದ ವಿಳಾಸ ಮರದಲ್ಲಿ ಇಲ್ಲ. ಬಹುತೇಕ ಸಫಿಕ್ಸ್‌ನಲ್ಲಿ ಒಂದಕ್ಷರ ವ್ಯತ್ಯಾಸ ಇರತ್ತೆ.

34: ಡಿಎನ್ ಬರೆದಿರೋ ರೀತಿಯೇ ತಪ್ಪು. ಕಾಮಾ ಅಥವಾ ಈಕ್ವಲ್ಸ್ ಎಲ್ಲೋ ಬಿಟ್ಟುಹೋಗಿದೆ.

50: ಲಾಗಿನ್ ಆಗಿದೀರಿ, ಆದ್ರೆ ಆ ಕೆಲಸಕ್ಕೆ ಅನುಮತಿ ಇಲ್ಲ.

68: ಅದೇ ವಿಳಾಸದಲ್ಲಿ ಈಗಾಗಲೇ ಯಾರೋ ಇದ್ದಾರೆ.

ಸರ್ವರನ್ನ ಮುಟ್ಟೋಕೇ ಆಗ್ತಿಲ್ಲ ಅಂತ ಬಂದ್ರೆ ತಪ್ಪು ಲ್ಯಾಮ್‌ದ್ದಲ್ಲ. ಸ್ಲ್ಯಾಪ್‌ಡಿ ಓಡ್ತಿದೆಯಾ, ಫೈರ್‌ವಾಲ್ ತಡೀತಿದೆಯಾ ನೋಡಿ.

ಹೆಜ್ಜೆ 5: ಲ್ಯಾಬ್ ಸಿಸ್ಟಮ್‌ಗಳು

ಲ್ಯಾಮ್‌ನಲ್ಲಿ ಯೂಸರ್ ಕಾಣಿಸಿದ ಮಾತ್ರಕ್ಕೆ ಲ್ಯಾಬ್ ಸಿಸ್ಟಮ್‌ಗೆ ಅವರು ಗೊತ್ತಾಗಲ್ಲ. ಪ್ರತಿ ಸಿಸ್ಟಮ್‌ನಲ್ಲೂ ಎಸ್‌ಎಸ್‌ಎಸ್‌ಡಿ ಅನ್ನೋ ಸರ್ವಿಸ್ ಹಾಕಿ, ಡೈರೆಕ್ಟರಿ ಎಲ್ಲಿದೆ ಅಂತ ಹೇಳ್ಬೇಕು. ಆಮೇಲೆ "ಗೆಟ್‌ಎಂಟ್ ಪಾಸ್‌ವ್ಡ್ ಶರಾವತಿ" ಹೊಡೆದ್ರೆ ಒಂದು ಸಾಲು ಬರ್ಬೇಕು. ಹೆಸರು ಕೊಡದೆ ಹೊಡೆದ್ರೆ ಡೈರೆಕ್ಟರಿ ಯೂಸರ್‌ಗಳು ಕಾಣಲ್ಲ, ಅದು ತೊಂದರೆ ಅಲ್ಲ. ಎಲ್ಲರ ಪಟ್ಟಿ ಕೊಡೋದನ್ನ ಎಸ್‌ಎಸ್‌ಎಸ್‌ಡಿ ಡಿಫಾಲ್ಟ್ ಆಗಿ ಆಫ್ ಇಟ್ಟಿರತ್ತೆ.

ಇನ್ನೊಂದು ವಿಷಯ: ಎನ್‌ಕ್ರಿಪ್ಷನ್ ಇಲ್ಲದ ಕನೆಕ್ಷನ್ ಮೇಲೆ ಎಸ್‌ಎಸ್‌ಎಸ್‌ಡಿ ಪಾಸ್‌ವರ್ಡ್ ಕಳಿಸೋದೇ ಇಲ್ಲ. ಹಾಗಾಗಿ ಸ್ಲ್ಯಾಪ್‌ಡಿಗೆ ಟಿಎಲ್‌ಎಸ್ ಸರ್ಟಿಫಿಕೇಟ್ ಕೊಡ್ಲೇಬೇಕು. ಹೆಸರು ಬರತ್ತೆ, ಲಾಗಿನ್ ಮಾತ್ರ ಆಗಲ್ಲ ಅಂದ್ರೆ ಮೊದಲು ಇದನ್ನೇ ಅನುಮಾನಿಸಿ.

ಹೋಮ್ ಫೋಲ್ಡರ್ ಮೊದಲ ಲಾಗಿನ್‌ನಲ್ಲಿ ತಾನಾಗೇ ಆಗೋಕೆ ಪ್ಯಾಮ್‌ನಲ್ಲಿ "ಎಂಕೆಹೋಮ್‌ಡಿರ್" ಆನ್ ಮಾಡಿ. ಇದು ಆಯಾ ಸಿಸ್ಟಮ್‌ನ ಒಳಗೆ ಮಾತ್ರ ಫೋಲ್ಡರ್ ಮಾಡತ್ತೆ. ಫೈಲ್‌ಗಳೂ ನಿಮ್ಮ ಜೊತೆ ಸಿಸ್ಟಮ್‌ನಿಂದ ಸಿಸ್ಟಮ್‌ಗೆ ಬರ್ಬೇಕಂದ್ರೆ ಎನ್‌ಎಫ್‌ಎಸ್ ಥರ ಬೇರೆ ವ್ಯವಸ್ಥೆ ಬೇಕು.

ಬಾಗಿಲು ಹಾಕೋದು

ಈಗ ಎಲ್ಲಾ ಕೆಲಸ ಮಾಡ್ತಿದೆ. ಹೆಚ್ಚಿನ ಟ್ಯುಟೋರಿಯಲ್‌ಗಳು ಇಲ್ಲಿಗೇ ಮುಗಿಯತ್ತೆ. ಆದ್ರೆ ಈ ಹೊತ್ತಿನಲ್ಲಿ ನಿಮ್ಮ ಲ್ಯಾಮ್ ಪುಟ ಕ್ಯಾಂಪಸ್ ನೆಟ್‌ವರ್ಕ್‌ನಲ್ಲಿರೋ ಎಲ್ಲರಿಗೂ ತೆರೆಯತ್ತೆ, ಅದೂ ಬರೀ ಎಚ್‌ಟಿಟಿಪಿಯಲ್ಲಿ. ನೀವು ಟೈಪ್ ಮಾಡೋ ಅಡ್ಮಿನ್ ಪಾಸ್‌ವರ್ಡ್ ಹಾಗೇ ಬಿಡಿಬಿಡಿಯಾಗಿ ನೆಟ್‌ವರ್ಕ್ ಮೇಲೆ ಹೋಗತ್ತೆ. ವೈರ್‌ಶಾರ್ಕ್ ಲ್ಯಾಬ್ ಮಾಡಿದವರಿಗೆ ಇದರ ಅರ್ಥ ಹೇಳ್ಬೇಕಾಗಿಲ್ಲ. ಆ ಒಂದು ಪಾಸ್‌ವರ್ಡ್ ಹೋದ್ರೆ 120 ಜನರ ಅಕೌಂಟೂ ಹೋದ ಹಾಗೆ.

ಮೂರು ಕೆಲಸ ಮಾಡಿ.

ಒಂದು, ಅಪಾಚೆಗೆ ಎಚ್‌ಟಿಟಿಪಿಎಸ್ ಹಾಕಿ. ಒಳಗಿನ ನೆಟ್‌ವರ್ಕ್‌ಗೆ ನೀವೇ ಮಾಡಿದ ಸರ್ಟಿಫಿಕೇಟ್ ಆದ್ರೂ ಪರವಾಗಿಲ್ಲ, ಏನೂ ಇಲ್ಲದೇ ಇರೋದಕ್ಕಿಂತ ಎಷ್ಟೋ ಮೇಲು.

ಎರಡು, ಲ್ಯಾಮ್‌ನ ಅಪಾಚೆ ಕಾನ್ಫಿಗ್ ಫೈಲ್‌ನಲ್ಲಿ "ರಿಕ್ವೈರ್ ಆಲ್ ಗ್ರಾಂಟೆಡ್" ಅಂತ ಇರೋ ಜಾಗದಲ್ಲಿ "ರಿಕ್ವೈರ್ ಐಪಿ" ಹಾಕಿ ಅಡ್ಮಿನ್ ಕೂರೋ ಸಿಸ್ಟಮ್‌ನ ಅಡ್ರೆಸ್ ಮಾತ್ರ ಕೊಡಿ. ಇನ್ನೂ ಬಿಗಿ ಬೇಕಂದ್ರೆ "ರಿಕ್ವೈರ್ ಲೋಕಲ್" ಹಾಕಿ, ಎಸ್‌ಎಸ್‌ಎಚ್ ಟನಲ್ ಮೂಲಕ ಮಾತ್ರ ತೆರೀರಿ.

ಮೂರು, ಇದನ್ನ ಬಹಳ ಜನ ಗಮನಿಸೋದಿಲ್ಲ. ಡೆಬಿಯನ್‌ನ ಸ್ಲ್ಯಾಪ್‌ಡಿ ಡಿಫಾಲ್ಟ್ ನಿಯಮದಲ್ಲಿ ಪಾಸ್‌ವರ್ಡ್ ಹ್ಯಾಶ್ ಮುಚ್ಚಿರತ್ತೆ, ಆದ್ರೆ ಉಳಿದ ಮಾಹಿತಿಯನ್ನ ಯಾರು ಬೇಕಾದ್ರೂ ಲಾಗಿನ್ ಇಲ್ಲದೆ ಓದಬಹುದು. ಪರ್ಸನಲ್ ಟ್ಯಾಬ್‌ನಲ್ಲಿ ಮೊಬೈಲ್ ನಂಬರ್, ಮನೆ ವಿಳಾಸ ಅಂತ ಜಾಗ ಇದೆ. ಫಾರ್ಮ್ ಇದೆ ಅಂತ ತುಂಬಿದ್ರೆ, ಪೋರ್ಟ್ 389 ಮುಟ್ಟೋಕೆ ಆಗೋ ಯಾರಾದ್ರೂ ಒಂದೇ ಒಂದು "ಎಲ್‌ಡ್ಯಾಪ್‌ಸರ್ಚ್" ಕಮಾಂಡ್‌ನಿಂದ ಇಡೀ ಬ್ಯಾಚ್‌ನ ಹುಡುಗಿಯರ, ಹುಡುಗರ ಫೋನ್ ನಂಬರ್ ಪಟ್ಟಿ ತಗೋಬಹುದು. ಲಾಗಿನ್‌ಗೆ ಬೇಡದ ಮಾಹಿತಿಯನ್ನ ಡೈರೆಕ್ಟರಿಗೆ ಹಾಕಲೇಬೇಡಿ. ಸ್ಲ್ಯಾಪ್‌ಡಿಯ ಆಕ್ಸೆಸ್ ನಿಯಮ ಬಿಗಿ ಮಾಡೋದನ್ನೂ ಕಲೀರಿ, ಆದ್ರೆ ಖಾಲಿ ಬಿಡೋದಕ್ಕೆ ಏನೂ ಕಲಿಯೋದು ಬೇಡ.

ಬ್ಯಾಕಪ್ ಮರೀಬೇಡಿ. "ಸ್ಲ್ಯಾಪ್‌ಕ್ಯಾಟ್" ಔಟ್‌ಪುಟ್ಟನ್ನ ದಿನಾ ಒಂದು ಫೈಲ್‌ಗೆ ಹಾಕೋ ಕ್ರಾನ್ ಜಾಬ್ ಸಾಕು. ಆ ಫೈಲ್‌ನಲ್ಲಿ ಪಾಸ್‌ವರ್ಡ್ ಹ್ಯಾಶ್‌ಗಳೂ ಇರತ್ತೆ, ಹಾಗಾಗಿ ಅದನ್ನ ರೂಟ್ ಮಾತ್ರ ಓದೋ ಹಾಗೆ ಇಡಿ.

ಬ್ಯಾಚ್ ಮುಗಿದಾಗ ಡಿಲೀಟ್ ಒತ್ತಬೇಕಾ?

ಈಗ ಮೊದಲು ಹೇಳಿದ ನಂಬರ್ ವಿಷಯಕ್ಕೆ ಬರೋಣ. ಶರಾವತಿಯ ನಂಬರ್ 10120, ಅದೇ ಕೊನೆಯ ನಂಬರ್ ಅಂದ್ಕೊಳ್ಳಿ. ಕೋರ್ಸ್ ಮುಗೀತು, ಅವಳ ಅಕೌಂಟನ್ನ ಲ್ಯಾಮ್‌ನಲ್ಲಿ ಡಿಲೀಟ್ ಮಾಡಿದ್ರಿ. ಡೈರೆಕ್ಟರಿಯಿಂದ ಹೆಸರು ಹೋಯ್ತು. ಆದ್ರೆ ಲ್ಯಾಬ್ ಸಿಸ್ಟಮ್‌ಗಳ ಡಿಸ್ಕ್‌ನಲ್ಲಿ ಅವಳ ಫೈಲ್‌ಗಳು ಹಾಗೇ ಇವೆ, ಒಡೆಯರ ಜಾಗದಲ್ಲಿ 10120 ಅಂತ ಬರೆದುಕೊಂಡು.

ಮುಂದಿನ ವಾರ ಜೂನಿಯರ್ ನೇತ್ರಾವತಿಗೆ ಅಕೌಂಟ್ ಮಾಡಿದ್ರಿ. ಲ್ಯಾಮ್ ಈ ಅಪಾಯ ಗೊತ್ತಿದ್ದೇ, ಈಗಿರೋ ಎಲ್ಲ ನಂಬರ್‌ಗಿಂತ ದೊಡ್ಡ ನಂಬರ್ ಕೊಡೋಕೆ ನೋಡತ್ತೆ. ಆದ್ರೆ ಡಿಲೀಟ್ ಆಗಿದ್ದೇ ಎಲ್ಲಕ್ಕಿಂತ ದೊಡ್ಡ ನಂಬರ್! ಈಗಿರೋದರಲ್ಲಿ ದೊಡ್ಡದು 10119, ಅದರ ಮುಂದಿನದು ಮತ್ತೆ 10120. ನೇತ್ರಾವತಿ ಲಾಗಿನ್ ಆದ ಕೂಡಲೇ ಶರಾವತಿಯ ಹಳೇ ಫೈಲ್‌ಗಳಿಗೆಲ್ಲ ಅವಳೇ ಒಡತಿ. ಓದಬಹುದು, ಬದಲಾಯಿಸಬಹುದು, ಅಳಿಸಬಹುದು. ಯಾರೂ ಹ್ಯಾಕ್ ಮಾಡಿಲ್ಲ, ಯಾವ ಎರರೂ ಬಂದಿಲ್ಲ. ಲಿನಕ್ಸ್ ತನ್ನ ಲೆಕ್ಕದಲ್ಲಿ ಪೂರ್ತಿ ಸರಿಯಾಗಿದೆ.

ಹಾಗಾಗಿ ಓದು ಮುಗಿಸಿದವರನ್ನ ಡಿಲೀಟ್ ಮಾಡೋ ಬದಲು ಮುಚ್ಚಿ. ಲ್ಯಾಮ್‌ನಲ್ಲಿ ಪಾಸ್‌ವರ್ಡ್ ಲಾಕ್ ಮಾಡೋ ಆಯ್ಕೆ ಇದೆ. ಆದ್ರೆ ಅದೊಂದೇ ಸಾಲಲ್ಲ: ಎಸ್‌ಎಸ್‌ಎಚ್ ಕೀ ಇಟ್ಕೊಂಡವರು ಪಾಸ್‌ವರ್ಡ್ ಇಲ್ಲದೇ ಒಳಗೆ ಬರ್ತಾರೆ. ಜೊತೆಗೆ ಲಾಗಿನ್ ಶೆಲ್ಲನ್ನ "ನೋಲಾಗಿನ್"ಗೆ ಬದಲಾಯಿಸಿ. ಎಸ್‌ಎಸ್‌ಎಸ್‌ಡಿ ಹಳೇ ಮಾಹಿತಿಯನ್ನ ಸ್ವಲ್ಪ ಹೊತ್ತು ಕ್ಯಾಶ್‌ನಲ್ಲಿ ಇಟ್ಕೊಂಡಿರತ್ತೆ, ತಕ್ಷಣ ಜಾರಿ ಆಗ್ಬೇಕಂದ್ರೆ ಆ ಸಿಸ್ಟಮ್‌ನಲ್ಲಿ ಕ್ಯಾಶ್ ಖಾಲಿ ಮಾಡಿ. ಅವರ ಫೈಲ್‌ಗಳನ್ನ ಅವರಿಗೆ ಕೊಟ್ಟು, ಎಲ್ಲಾ ಡಿಸ್ಕ್‌ನಿಂದ ತೆಗೆದು, ಆ ನಂಬರ್‌ನ ಒಂದು ಫೈಲೂ ಉಳಿದಿಲ್ಲ ಅಂತ "ಫೈಂಡ್" ಕಮಾಂಡ್‌ನಿಂದ ಖಾತ್ರಿ ಮಾಡ್ಕೊಂಡ ಮೇಲೆ ಬೇಕಾದ್ರೆ ಡಿಲೀಟ್ ಮಾಡಿ. 10000ದಿಂದ 30000ದವರೆಗೆ 20001 ನಂಬರ್ ಇದೆ. ವರ್ಷಕ್ಕೆ 120 ಜನ ಬಂದ್ರೆ 160 ವರ್ಷಕ್ಕೂ ಹೆಚ್ಚು ಸಾಲತ್ತೆ. ನಂಬರ್ ಉಳಿಸೋಕೆ ಅಂತ ಯಾರನ್ನೂ ಅಳಿಸೋ ಅಗತ್ಯ ಇಲ್ಲ.

ನಂಬಿಕೆ ಬರಲಿಲ್ಲ ಅಂದ್ರೆ ವರ್ಚುವಲ್ ಮಷೀನ್‌ನಲ್ಲಿ ನೀವೇ ಮಾಡಿ ನೋಡಿ. ಒಬ್ಬ ಯೂಸರ್ ಮಾಡಿ, ಲಾಗಿನ್ ಆಗಿ ಒಂದು ಫೈಲ್ ಬರೀರಿ. ಲ್ಯಾಮ್‌ನಲ್ಲಿ ಆ ಯೂಸರನ್ನ ಡಿಲೀಟ್ ಮಾಡಿ, ಕ್ಯಾಶ್ ಖಾಲಿ ಮಾಡಿ, "ಎಲ್‌ಎಸ್ ಹೈಫನ್ ಎಲ್" ಹೊಡೀರಿ: ಹೆಸರಿದ್ದ ಜಾಗದಲ್ಲಿ ಬರೀ ನಂಬರ್ ಕಾಣತ್ತೆ. ಈಗ ಬೇರೆ ಹೆಸರಲ್ಲಿ ಹೊಸ ಯೂಸರ್ ಮಾಡಿ, ಮತ್ತೆ ಅದೇ ಕಮಾಂಡ್ ಹೊಡೀರಿ, ಆ ಫೈಲ್ ಮುಂದೆ ಯಾರ ಹೆಸರು ಬಂದಿದೆ ನೋಡಿ.